ಭಾರ ಮೊದಲು ಕಿವಿಗೆ ಬರುತ್ತದೆ

ನಮ್ಮೂರಿನಲ್ಲಿ ಯಾರ ಮನೆಯ ಬೀರುವಿನ ಹಿಂದೆಯೂ ಧೂಳು ಸಿಗುವುದಿಲ್ಲ. ದಿನಾ ಮಧ್ಯಾಹ್ನ ಉಂಡು ಕೈ ತೊಳೆಯುವ ಹೊತ್ತಿಗೆ ಜೀವವಿಲ್ಲದ ಸಾಮಾನೆಲ್ಲ ಹಗುರಾಗುತ್ತದೆ. ಹೆಂಗಸರು ಒಂದು ಕೈಯಲ್ಲಿ ಬೀರು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಅದರ ಬುಡ ಗುಡಿಸುತ್ತಾರೆ. ಸುಮಾರು ಒಂದು ಗಂಟೆ ಹೀಗಿದ್ದು ಆಮೇಲೆ ಭಾರ ತಿರುಗಿ ಬರುತ್ತದೆ. ಇದಕ್ಕೆ ನಾವು ಹಗುರು ಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಅಂಗಡಿಯವರು ತಕ್ಕಡಿಯನ್ನು ಮೊಳೆಗೆ ತೂಗುಹಾಕಿ ಮಲಗುತ್ತಾರೆ. ಶಾಲೆಯ ಮಕ್ಕಳು ತಮ್ಮ ಪಾಟಿಚೀಲದ ಮೇಲೆಯೇ ಕೂತು ಮಗ್ಗಿ ಹೇಳುತ್ತಾರೆ. ಒಲೆಯ ಮೇಲೆ ಯಾರೂ ಏನನ್ನೂ ಇಡುವುದಿಲ್ಲ. ಇಟ್ಟರೆ ಹಾಲು ಉಕ್ಕಿ ಮಾಡಿಗೆ ಹತ್ತುತ್ತದೆ. ಪರವೂರಿನಿಂದ ಬಂದ ಸೊಸೆಯರು ಮೊದಲ ವಾರ ಒಂದೆರಡು ಚೊಂಬು ಗಾಳಿಗೆ ಕಳೆದುಕೊಂಡು ಆಮೇಲೆ ಕಲಿಯುತ್ತಾರೆ.

ಇಡೀ ಊರು ಆ ಒಂದು ಗಂಟೆಯನ್ನು ತಂತಮ್ಮ ಮನೆ ಗುಡಿಸಲಿಕ್ಕೇ ಬಳಸುತ್ತಿದ್ದಾಗ, ಬೇರೆಯವರ ಸಾಮಾನನ್ನೂ ಎತ್ತಬಹುದಲ್ಲ ಎಂದು ಮೊದಲು ಯೋಚಿಸಿದವಳು ದ್ಯಾಮಕ್ಕ. ಆಗ ಅವಳು ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯಲ್ಲಿ ಕೊಪ್ಪರಿಗೆ ತಿಕ್ಕುತ್ತಿದ್ದಳು. ಒಂದು ದಿನ ಗಾಡಿಯ ಅಚ್ಚು ಮುರಿಯಿತು. ನಾಲ್ಕಾಳು ಎತ್ತುವ ಕೊಪ್ಪರಿಗೆಯನ್ನು ಇವಳೂ ಪಕ್ಕದ ಓಣಿಯ ಗದಿಗೆಪ್ಪ ಮಾವನೂ ಹಗುರು ಹೊತ್ತಿನಲ್ಲಿ ತಲೆಯ ಮೇಲಿಟ್ಟುಕೊಂಡು ಪೇಟೆಯ ನಡುವಿನಿಂದಲೇ ನಡೆದು ಮದುವೆ ಮನೆಗೆ ಮುಟ್ಟಿಸಿದರು. ಮರುದಿನ ಅಕ್ಕಸಾಲಿಗರು ತಮ್ಮ ಕಬ್ಬಿಣದ ತಿಜೋರಿ ಸಾಗಿಸಲು ಕರೆದರು. ಅಲ್ಲಿಂದ ಶುರುವಾಯಿತು.

ಅದರಲ್ಲಿ ಭಯವಿದ್ದದ್ದು ಒಂದೇ. ದಾರಿಯ ನಡುವೆ ಭಾರ ತಿರುಗಿ ಬಂದರೆ ಹೊತ್ತವರ ಗತಿ ಏನು? ಅದಕ್ಕೆ ದ್ಯಾಮಕ್ಕ ನನ್ನ ಅಜ್ಜಿಯನ್ನು ಕೇಳಿಕೊಂಡಳು. ಭಾರ ಒಮ್ಮೆಲೇ ಬರುವುದಿಲ್ಲ. ಮೊದಲು ಸಣ್ಣ ಸಾಮಾನಿಗೆ ಬರುತ್ತದೆ, ಆಮೇಲೆ ದೊಡ್ಡದಕ್ಕೆ. ಸೂಜಿಗೆ ಬಂದ ಭಾರ ರುಬ್ಬುಗುಂಡಿಗೆ ಬರಲು ಮೂರು ನಿಮಿಷವಾದರೂ ಬೇಕು. ಅಜ್ಜಿಯ ಕಿವಿಯಲ್ಲಿ ಅಡಕೆ ಗಾತ್ರದ ಎರಡು ಹಿತ್ತಾಳೆ ಜುಮಕಿಗಳಿದ್ದವು. ಅವು ಕಿವಿಯನ್ನು ಜಗ್ಗಿದವೆಂದರೆ ಅಜ್ಜಿ "ಇಳಸ್ರಿ" ಎನ್ನುತ್ತಿದ್ದಳು. ಹೊತ್ತವರು ಇದ್ದಲ್ಲೇ ಇಳಿಸುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಜುಮಕಿ ನನ್ನ ಕಿವಿಗೆ ಬಂದವು, ಕೆಲಸವೂ ಬಂತು. ನನಗೆ ಆಗ ಹದಿಮೂರು. ಅವಳ ಕಣ್ಣು ಮಂಜಾದಾಗಲೇ ಕೈಹಿಡಿದು ನಡೆಸಲೆಂದು ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದೆ. ಬಿಟ್ಟದ್ದಕ್ಕೆ ಬಹಳ ದುಃಖವೇನೂ ಆಗಿರಲಿಲ್ಲ. ಮಾಸ್ತರರು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿರುತ್ತಿತ್ತು, ಆದರೆ ಅದು ನಾಲಗೆಗೆ ಬರುವಷ್ಟರಲ್ಲಿ ಅವರು ಮುಂದಿನ ಬೆಂಚಿಗೆ ಹೋಗಿರುತ್ತಿದ್ದರು.

ಕೆಲಸದಲ್ಲೂ ನನ್ನ ದನಿ ಅಷ್ಟೇ ಇತ್ತು. ಗದಿಗೆಪ್ಪ ಮಾವ ಅದಕ್ಕೊಂದು ದಾರಿ ಕಂಡುಹಿಡಿದರು. ನಾನು ಅವರ ಮಗ್ಗುಲಲ್ಲೇ ನಡೆಯಬೇಕು. ಜುಮಕಿ ಜಗ್ಗಿದರೆ ಅವರ ಅಂಗಿ ಹಿಡಿದು ಪಿಸುಗುಟ್ಟಬೇಕು. ಕೂಗುವ ಕೆಲಸ ಅವರದು. ಅವರ ಕೂಗಿಗೆ ಮಲಗಿದ ನಾಯಿಗಳೂ ಎದ್ದು ಕೂರುತ್ತಿದ್ದವು. ಎಂದಾದರೂ ನಾನು ಎರಡು ಮಾತು ಹೆಚ್ಚು ಆಡಿದರೆ ಮಾವ ಆಕಾಶ ನೋಡಿ, ಶಾವಂತ್ರಿ ಬಾಯಿ ಬಿಟ್ಟಾಳ, ಇವತ್ತ ಮಳಿ ಗ್ಯಾರಂಟಿ ಎನ್ನುತ್ತಿದ್ದರು. ಹೀಗೆ ಆರು ವರ್ಷ ಸಾಗಿತು. ಒಂದು ಪಿಂಗಾಣಿ ಬಟ್ಟಲೂ ಒಡೆಯಲಿಲ್ಲ.

ಆಮೇಲೆ ಕೆಲಸ ಬೆಳೆಯಿತು. ಎಷ್ಟು ಬೆಳೆಯಿತೆಂದರೆ ಪರವೂರಿನವರು ಕಲ್ಲು ಕೊರೆಯುವ ಕಾರ್ಖಾನೆಯನ್ನೂ ಹೊಸ ಅಕ್ಕಿ ಗಿರಣಿಯನ್ನೂ ನಮ್ಮೂರಿನಲ್ಲಿ ತಂದು ಹೂಡಿದರು. ಇಲ್ಲಿ ದ್ಯಾಮಕ್ಕನ ಜನ ಇದ್ದಾರೆ, ಎಂಥ ಭಾರವಾದರೂ ಸಾಗುತ್ತದೆ ಎಂಬ ಧೈರ್ಯ ಅವರಿಗೆ. ನಾಲ್ಕು ಜನರಿದ್ದದ್ದು ನಲವತ್ತಾಯಿತು, ಹಾಗೇ ನೂರಿಪ್ಪತ್ತಾಯಿತು. ಹತ್ತತ್ತು ಜನರ ಹನ್ನೆರಡು ತಂಡ. ದ್ಯಾಮಕ್ಕ ಮೊದಲೆಲ್ಲ ಪ್ರತಿಯೊಬ್ಬರ ಮನೆಯ ಸುದ್ದಿ ಕೇಳುತ್ತಿದ್ದಳು. ಈಗ ಹೆಸರು ನೆನಪಾಗದೆ ತಮ್ಮಾ, ತಂಗಿ ಎಂದು ಕರೆದು ಮುಂದೆ ಹೋಗುತ್ತಿದ್ದಳು. ಹೋಗುವಾಗ ಅವಳ ಮುಖದಲ್ಲಿ ನಾಚಿಕೆ ಕಾಣುತ್ತಿತ್ತು. ನಾನು ನೋಡುತ್ತಿದ್ದೆ. ಮಾತಾಡದವರಿಗೆ ನೋಡಲು ಸಮಯ ಹೆಚ್ಚು.

ತಂಡ ಹನ್ನೆರಡಾದವು, ಆದರೆ ಜುಮಕಿಯ ಜಗ್ಗು ತಿಳಿಯುವ ಹೆಂಗಸರು ಇದ್ದದ್ದು ಆರೇ ಜನ. ಅದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಗಾಳಿ ಕಿವಿ ಅಲುಗಿಸಿದ್ದಕ್ಕೂ ಭಾರ ಜಗ್ಗಿದ್ದಕ್ಕೂ ವ್ಯತ್ಯಾಸ ಗೊತ್ತಾಗಲು ವರ್ಷಗಳೇ ಬೇಕು. ಆಗ ದ್ಯಾಮಕ್ಕ ವಿರೂಪಾಕ್ಷ ಸರ್ ಅವರನ್ನು ಮ್ಯಾನೇಜರ್ ಎಂದು ನೇಮಿಸಿಕೊಂಡಳು. ಓದಿದವರು, ಸಿಟ್ಟಿಲ್ಲದವರು. ಅವರು ನಲವತ್ತು ದಿನ ಗಡಿಯಾರ ಹಿಡಿದು ಕೂತು ಹಗುರು ಹೊತ್ತನ್ನು ಅಳೆದರು. ಒಂದು ದಿನವೂ ಅದು ಅರವತ್ತೆರಡು ನಿಮಿಷಕ್ಕಿಂತ ಕಡಿಮೆ ಇರಲಿಲ್ಲ. ಐವತ್ತನೆಯ ನಿಮಿಷಕ್ಕೆ ಎಲ್ಲ ತಂಡಗಳೂ ಇಳಿಸಬೇಕೆಂದು ನಿಯಮ ಮಾಡಿದರು, ಹನ್ನೆರಡು ಕೈಗಡಿಯಾರ ತರಿಸಿದರು. ತಪ್ಪೇನೂ ಇರಲಿಲ್ಲ. ಅದೇ ತಿಂಗಳು ಮೂರನೆಯ ತಂಡದ ಹೆಂಗಸೊಬ್ಬಳ ಓಲೆ ಹಗ್ಗಕ್ಕೆ ಸಿಕ್ಕಿ ಕಿವಿ ಹರಿಯಿತು. ಕೆಲಸದ ಹೊತ್ತಿನಲ್ಲಿ ಯಾರೂ ಮೈಮೇಲೆ ಒಡವೆ ಹಾಕಬಾರದು ಎಂದು ಇನ್ನೊಂದು ನಿಯಮ ಬಂತು. ದ್ಯಾಮಕ್ಕನೇ ಒಪ್ಪಿಗೆ ಕೊಟ್ಟಳು. ಅದೂ ಜನರ ಒಳ್ಳೆಯದಕ್ಕೇ. ನಾನು ಜುಮಕಿ ಬಿಚ್ಚಿ ಕುಂಕುಮದ ಡಬ್ಬಿಯಲ್ಲಿಟ್ಟೆ. ನನ್ನನ್ನು ಹಗ್ಗ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಗದಿಗೆಪ್ಪ ಮಾವ ತಂಡದ ಮುಂದೆ, ನಾನು ಹಿಂದೆ. ನಡುವೆ ಹತ್ತು ಮಾರು.

ಆ ದಿನ ಎಣ್ಣೆ ಗಿರಣಿಗೆ ಗಾಣದ ಕಲ್ಲು ಸಾಗಿಸಬೇಕಿತ್ತು. ದೊಡ್ಡ ಕೆಲಸವಾದ್ದರಿಂದ ವಿರೂಪಾಕ್ಷ ಸರ್ ತಾವೇ ಜೊತೆಗೆ ಬಂದಿದ್ದರು. ಕಲ್ಲು ಎಂಟು ಜನರ ಹೆಗಲ ಮೇಲೆ ಬುಟ್ಟಿಯ ಹಾಗೆ ಬರುತ್ತಿತ್ತು. ಪೇಟೆಯ ಹಿಂದಿನ ಓಣಿಗೆ ತಿರುಗಿದಾಗ ಎರಡು ಮನೆಗಳ ಸಂದಿಯಿಂದ ಒಂದು ಬಿಸಿಲಕೋಲು ಬಿದ್ದಿತ್ತು. ಹಗುರು ಹೊತ್ತಿನಲ್ಲಿ ಬಿಸಿಲಕೋಲಿನೊಳಗಿನ ಧೂಳು ಕದಲದೆ ನಿಂತಿರುತ್ತದೆ, ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಂದು ಧೂಳು ಮೆಲ್ಲಗೆ ಕೆಳಗಿಳಿಯುತ್ತಿತ್ತು.

ನಾನು ವಿರೂಪಾಕ್ಷ ಸರ್ ಹತ್ತಿರ ಹೋಗಿ ಹೇಳಿದೆ. ನನ್ನ ಮಾತು ಕೇಳಿಸಲು ಅವರು ಬಗ್ಗಬೇಕಾಯಿತು. ಬಗ್ಗಿ ಕೇಳಿ, ಗಡಿಯಾರ ನೋಡಿ, ಅದನ್ನು ನನಗೂ ತೋರಿಸಿದರು. "ಐವತ್ತಕ್ಕ ಇನ್ನೂ ಹನ್ನೆರಡು ನಿಮಿಷ ಐತಿ, ಶಾವಂತ್ರಿ. ಆ ತಿರುವು ದಾಟಿದ ಮ್ಯಾಲೆ ಇಳಸೂಣು." ಅವರ ದನಿಯಲ್ಲಿ ತಾತ್ಸಾರವಿರಲಿಲ್ಲ. ನಾನು ಮುಂದೆ ನೋಡಿದೆ. ಗದಿಗೆಪ್ಪ ಮಾವನ ಬೆನ್ನು ಕಾಣುತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು. ಬಾಯಿ ತೆರೆದೆ. ಮಾತು ನಾಲಗೆಗೆ ಬರಲಿಲ್ಲ, ಶಾಲೆಯಲ್ಲಿ ಆಗುತ್ತಿದ್ದ ಹಾಗೆಯೇ. ಗಡಿಯಾರಕ್ಕಿಂತ ನಾನೇನು ಹೆಚ್ಚು ತಿಳಿದವಳು ಎಂದೂ ಅನ್ನಿಸಿತು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಹಗ್ಗದ ಸುರುಳಿ ಭಾರವಾಯಿತು. ಆಮೇಲೆ ಕಲ್ಲು.

ಉಳಿದವರು ಹೆಗಲು ತಪ್ಪಿಸಿ ಜಿಗಿದರು. ಮಾವನ ಎಡಗಾಲು ಕೆಳಗೆ ಸಿಕ್ಕಿತು. ಕಲ್ಲು ಹಗುರಾಗಲು ಮರುದಿನ ಮಧ್ಯಾಹ್ನದವರೆಗೆ ಕಾಯುವ ಹಾಗಿರಲಿಲ್ಲ. ಹಾರೆ ಹಾಕಿ ಮೀಟಿ ತೆಗೆದರು. ಮೊಣಕಾಲಿನ ಕೆಳಗೆ ವೈದ್ಯರಿಗೆ ಉಳಿಸಲು ಏನೂ ಇರಲಿಲ್ಲ.

ಮುಂದಿನ ಎರಡು ದಿನ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೆಲಸ ಕೊಟ್ಟವರು ಒಬ್ಬೊಬ್ಬರಾಗಿ ಬೇಡವೆಂದು ಹೇಳಿ ಕಳಿಸಿದರು. ಪಂಚಾಯತಿಯವರು ಈ ಸಾಗಣೆಯನ್ನೇ ನಿಲ್ಲಿಸಬೇಕೆಂದರು. ಮಾವನ ಅಣ್ಣತಮ್ಮಂದಿರು ವಿರೂಪಾಕ್ಷ ಸರ್ ಅವರನ್ನು ಊರಿನಿಂದಲೇ ಓಡಿಸಬೇಕೆಂದು ದ್ಯಾಮಕ್ಕನ ಬಾಗಿಲಿಗೆ ಬಂದು ಕೂತರು. ದ್ಯಾಮಕ್ಕ ಆಸ್ಪತ್ರೆಯಲ್ಲಿ ಮಾವನ ಮಂಚದ ಬಳಿ ಇದ್ದಳು. ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ನಾನು ಧೂಳು ನೋಡಿದ್ದೆನೆಂದು ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ವಿರೂಪಾಕ್ಷ ಸರ್ ಅವರಿಗೆ.

ಮೂರನೆಯ ದಿನ ದ್ಯಾಮಕ್ಕ ಎಲ್ಲರನ್ನೂ ನಮ್ಮ ಕೆಲಸ ನಡೆಯುತ್ತಿದ್ದ ಪಾತ್ರೆಯ ಗೋದಾಮಿಗೆ ಕರೆಸಿದಳು. ಹಗುರು ಹೊತ್ತಿನಲ್ಲೇ ಕರೆಸಿದ್ದಳು. ಕೆಲಸವಿಲ್ಲದ ನೂರಿಪ್ಪತ್ತು ಜನ ಕೈಕಟ್ಟಿ ಕೂತಿದ್ದೆವು. ತಪ್ಪು ಯಾರದೆಂದು ಹೆಸರು ಹೇಳುತ್ತಾಳೆ ಎಂದು ಕಾಯುತ್ತಿದ್ದರು. ಅವಳು ಯಾರ ಹೆಸರನ್ನೂ ಎತ್ತಲಿಲ್ಲ. ಆ ದಿನ ಯಾರು ಯಾರು ಏನೇನು ಕಂಡಿರಿ, ಕಂಡದ್ದನ್ನು ಹೇಳಲು ಏನು ಅಡ್ಡ ಬಂತು, ಅದನ್ನಷ್ಟೇ ಹೇಳಿ ಎಂದಳು. ನಾನು ನೆಲ ನೋಡುತ್ತಿದ್ದೆ.

ಎದ್ದು ನಿಂತದ್ದು ವಿರೂಪಾಕ್ಷ ಸರ್. ಶಾವಂತ್ರಿ ಧೂಳು ನೋಡಿ ನನಗೆ ಹೇಳಿದ್ದಳು, ನಾನು ಗಡಿಯಾರವನ್ನು ನಂಬಿದೆ ಎಂದರು. ಗೋದಾಮು ಗದ್ದಲವಾಯಿತು. ಮಾವನ ಕಿರಿಯ ತಮ್ಮ ಮೇಲೆದ್ದು, ಇವನನ್ನು ಇವತ್ತೇ ಕಳಿಸದಿದ್ದರೆ ನಾವು ಯಾರೂ ಇಲ್ಲಿ ಇರುವುದಿಲ್ಲ ಎಂದ.

"ಇವನನ್ನ ಕಳಿಸಿದ್ರ, ಇವತ್ತ ಖರೆ ಹೇಳಿದ ಬಾಯಿನ ಕಳಿಸಿದಂಗ ಆಗ್ತೈತಿ," ಎಂದಳು ದ್ಯಾಮಕ್ಕ. "ನಾಳಿಂದ ಯಾವನ್ ಬಾಯಿ ಬಿಡ್ತಾನ? ಜುಮಕಿ ಬಿಚ್ಚಸಾಕ ಹೂಂ ಅಂದಾಕಿ ನಾನು. ಕಿವಿ ಆರ ಇದ್ದಾಗ ಹನ್ನೆರಡು ತಂಡ ಕಟ್ಟಿದಾಕಿನೂ ನಾನ. ಕಳಸೂದಿದ್ರ ನನ್ನ ಕಳಸ್ರಿ."

ಅಷ್ಟು ಹೇಳಿ ಅವಳು ಕೂತುಬಿಟ್ಟಳು. ಯಾರೂ ಎದ್ದು ಹೋಗಲಿಲ್ಲ.

ಮೂರು ವಾರ ಕೆಲಸ ನಿಂತಿತು, ಆದರೆ ಕೂಲಿ ನಿಲ್ಲಲಿಲ್ಲ. ದ್ಯಾಮಕ್ಕ ಕೆಲಸ ಕೊಟ್ಟವರ ಮನೆಮನೆಗೆ ತಾನೇ ಹೋಗಿ ಆದದ್ದನ್ನು ಆದ ಹಾಗೆ ಹೇಳಿ ಬಂದಳು. ಕೆಲವರು ಬಾಗಿಲು ತೆಗೆಯಲಿಲ್ಲ. ಕಟ್ಟೆಯ ಮೇಲೆ ನಿಂತು ಬಾಗಿಲಿಗೇ ಹೇಳಿ ಬಂದಳು. ಹನ್ನೆರಡು ತಂಡಗಳನ್ನು ಆರಕ್ಕೆ ಇಳಿಸಿದಳು. ಕಿವಿ ಎಷ್ಟೋ ತಂಡ ಅಷ್ಟೇ. ಉಳಿದವರು ಹಗ್ಗ ಹೊಸೆಯಬೇಕು, ಕಿವಿಯ ವಿದ್ಯೆ ಕಲಿಯಬೇಕು. ಹಗ್ಗಕ್ಕೆ ಸಿಗದ ಹಾಗೆ ಜುಮಕಿಯ ಮೇಲೆ ತಲೆಗೊಂದು ಸಡಿಲ ವಸ್ತ್ರ ಕಟ್ಟುವುದೆಂದಾಯಿತು. ಗಂಡಸರೂ ಕಿವಿ ಚುಚ್ಚಿಸಿಕೊಂಡರು. ಅಕ್ಕಸಾಲಿಗರ ಮುಂದೆ ಮೊದಲು ಕೂತದ್ದು ವಿರೂಪಾಕ್ಷ ಸರ್. ಚುಚ್ಚುವಾಗ ಕಣ್ಣು ಮುಚ್ಚಿ ಗಡಿಯಾರವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರಂತೆ. ಗಡಿಯಾರಗಳೂ ಉಳಿದವು. ಎಲ್ಲಕ್ಕಿಂತ ಮೇಲೆ ಒಂದು ಹೊಸ ನಿಯಮ ಬಂತು. ತಂಡದಲ್ಲಿ ಯಾರೇ ಇರಲಿ, ನೀರು ಕೊಡುವವರೇ ಇರಲಿ, "ಇಳಸ್ರಿ" ಎಂದರೆ ಇಳಿಸಬೇಕು. ಯಾಕೆ ಎಂದು ಕೇಳುವುದು ಇಳಿಸಿದ ಮೇಲೆ.

ನಿಯಮ ಕೇಳಿ ನನಗೆ ಜ್ವರ ಬಂದ ಹಾಗಾಯಿತು. ಈಗ ನನ್ನ ಬದಲು ಕೂಗಲು ಯಾರೂ ಇಲ್ಲ. ಒಂದು ಸಂಜೆ ದ್ಯಾಮಕ್ಕ ನನ್ನನ್ನು ಕೈಹಿಡಿದು ಮಾವನ ಮನೆಗೆ ಕರೆದೊಯ್ದಳು. ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಆಸ್ಪತ್ರೆಯಿಂದ ಬಂದಿದ್ದ ಮಾವ ಒಳಕೋಣೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ. ಅಂದು ಹತ್ತು ಮಾರು ದೂರದಿಂದ ಕೂಗಲಿಲ್ಲ ಎಂದು ಹೇಳಬೇಕೆಂದಿದ್ದೆ, ಅದೂ ಬರಲಿಲ್ಲ. ಮಾವನೇ ಹೇಳಿದರು, ನನಗೆ ಗೊತ್ತೈತಿ, ಹಿತ್ತಲಕ್ಕೆ ಹೋಗು, ಅಲ್ಲಿಂದ ಕೂಗು, ನನಗೆ ಕೇಳಿಸುವವರೆಗೂ ಕೂಗು ಎಂದು.

ಹಿತ್ತಲಲ್ಲಿ ಅವರ ಹೆಂಡತಿ ಶಾಂತವ್ವತ್ತೆ ಪಾತ್ರೆ ತೊಳೆಯುತ್ತಿದ್ದರು, ಒಂದು ಕೋಳಿ ಕಾಳು ಹೆಕ್ಕುತ್ತಿತ್ತು. ನಾನು ಕೂಗಿದೆ. ಒಳಗಿನಿಂದ ಮಾವ, "ಕೋಳಿ ಹೆದರ್ತೇನು?" ಎಂದು ಕೇಳಿದರು. ಇಲ್ಲ ಎಂದರು ಅತ್ತೆ. "ಹಂಗಾದ್ರ ಅದು ಕೂಗಲ್ಲ." ದಿನಾ ಸಂಜೆ ಹೋದೆ. ಒಂಬತ್ತನೆಯ ದಿನ ಕೋಳಿ ತಲೆ ಎತ್ತಿತು. ಹದಿಮೂರನೆಯ ದಿನ ಹಾರಿ ಗೋಡೆಯ ಮೇಲೆ ಕೂತಿತು. ಮಾವ ಒಳಗಿನಿಂದ ಕೆಮ್ಮಿದರು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ.

ಕೆಲಸ ಮತ್ತೆ ಶುರುವಾದಾಗ ನಮ್ಮನ್ನು ನಂಬಿ ಬಂದದ್ದು ಅಕ್ಕಿ ಗಿರಣಿಯ ಮಾಲೀಕರೊಬ್ಬರೇ. ಅವರ ಹೊಸ ಬಾಯ್ಲರ್ ಊರ ಬಾಗಿಲಿಗೆ ಬಂದು ಕೂತಿತ್ತು. ಅದನ್ನು ಒಂದೇ ಹಗುರು ಹೊತ್ತಿನಲ್ಲಿ ಗಿರಣಿಗೆ ಮುಟ್ಟಿಸಬೇಕು. ಇದು ಸರಿಹೋದರೆ ಉಳಿದವರೂ ಬರುತ್ತಾರೆ, ಇಲ್ಲದಿದ್ದರೆ ಗೋದಾಮಿಗೆ ಬೀಗ ಎಂದು ನಮಗೆಲ್ಲ ಗೊತ್ತಿತ್ತು. ಎರಡು ತಂಡ ಸೇರಿ ಎತ್ತಿದರು. ಜುಮಕಿ ಹಾಕಿಕೊಂಡು ಮುಂದೆ ನಡೆದವಳು ನಾನು. ಪೇಟೆಯವರೆಲ್ಲ ಮಲಗದೆ ಅಂಗಡಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

ಪೇಟೆಯ ನಟ್ಟನಡುವೆ, ಇಪ್ಪತ್ತನೆಯ ನಿಮಿಷಕ್ಕೆ, ನನ್ನ ಎಡಗಿವಿ ಜಗ್ಗಿತು. ಜಗ್ಗಿತು ಎನ್ನಿಸಿತು. ಬಿಸಿಲಕೋಲು ಎಲ್ಲೂ ಇರಲಿಲ್ಲ, ಮೋಡ ಕವಿದಿತ್ತು. ಗಡಿಯಾರ ಬೇರೆ ಹೇಳುತ್ತಿತ್ತು. ಮಾಲೀಕರು ಗಿರಣಿಯ ಬಾಗಿಲಲ್ಲಿ ಕಾಯುತ್ತಿದ್ದರು. ಬಾಯ್ಲರ್ ಕೆಳಗೆ ಇಪ್ಪತ್ತು ಜನರ ನಲವತ್ತು ಕಾಲುಗಳಿದ್ದವು. ನಾನು ಕೂಗಿದೆ.

ಇಳಿಸಿದರು. ಒಬ್ಬರೂ ಯಾಕೆ ಎನ್ನಲಿಲ್ಲ.

ನಾವು ಭಾರಕ್ಕೆ ಕಾದೆವು. ಐದು ನಿಮಿಷವಾಯಿತು, ಹತ್ತಾಯಿತು. ವಿರೂಪಾಕ್ಷ ಸರ್ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು, ನನ್ನನ್ನು ನೋಡಿದರು. ನಾನು ಎತ್ತುವುದು ಬೇಡವೆಂದು ತಲೆಯಾಡಿಸಿದೆ. ನನಗೆ ಕಿವಿಯೇ ಅರ್ಥವಾಗುತ್ತಿರಲಿಲ್ಲ. ನನಗೇ ನಂಬಿಕೆಯಿಲ್ಲದ ಕಿವಿಯ ಮಾತಿಗೆ ಅವರಿಂದ ಮತ್ತೆ ಎತ್ತಿಸಲಾರೆ. ಅಂಗಡಿಯವನೊಬ್ಬ ಬಂದು ಬಾಯ್ಲರಿನ ಒಂದು ತುದಿಯನ್ನು ಒಂದೇ ಬೆರಳಿನಿಂದ ಎತ್ತಿ ತೋರಿಸಿದ. ಎಲ್ಲರೂ ನಕ್ಕರು. ಅರವತ್ತೈದನೆಯ ನಿಮಿಷಕ್ಕೆ, ದಿನಾ ಬರುವ ಹೊತ್ತಿಗೇ, ಭಾರ ಬಂತು. ಬಾಯ್ಲರ್ ಪೇಟೆಯ ನಡುವೆ ನೆಲ ಕಚ್ಚಿ ಕೂತಿತು. ಇನ್ನು ನಾಳೆಯವರೆಗೆ ಗಾಡಿಗಳೆಲ್ಲ ಸುತ್ತುಹಾಕಿ ಹೋಗಬೇಕು.

ಮಾಲೀಕರು ಕೆಂಪಗಾಗಿ ಬಂದರು. ಅವರ ಹಿಂದೆಯೇ ದ್ಯಾಮಕ್ಕ ಬಂದಳು. ಯಾರು ಕೂಗಿದ್ದು ಎಂದು ಕೇಳಿದಳು. "ನಾನು" ಎಂದು ಪಿಸುಗುಟ್ಟಿದೆ. ಕೇಳಿಸಲಿಲ್ಲ ಎಂದಳು.

"ನಾನು ಕೂಗಿದ್ದು, ಅಕ್ಕಾ. ಕಿವಿ ಜಗ್ಗಿದಂಗಾತು. ಸುಳ್ಳಾತು."

ಪೇಟೆಯ ಆ ತುದಿಗೂ ಕೇಳಿಸಿರಬೇಕು. ದ್ಯಾಮಕ್ಕ ಬಾಯ್ಲರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅದರ ಬುಡ ನೋಡಿ, ಮಾಲೀಕರ ಕಡೆ ತಿರುಗಿದಳು. "ನೋಡ್ರಿ ಸಾವ್ಕಾರ್ರ, ಇದರ ಬುಡಕ ಯಾರ ಕಾಲೂ ಇಲ್ಲ. ನಾಳೆ ಇಲ್ಲಿಂದನ ಎತ್ತತೀವಿ. ಮುಂದ ಇವಳ ಇರ್ತಾಳ." ಬೇಡವೆಂದರೆ ಬೇರೆಯವರನ್ನು ನೋಡಿಕೊಳ್ಳಿ ಎಂದೂ ಮೆಲ್ಲಗೆ ಸೇರಿಸಿದಳು. ಮಾಲೀಕರು ಇಪ್ಪತ್ತು ಜನರ ಕಾಲುಗಳನ್ನು ಒಮ್ಮೆ ನೋಡಿದರು. ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಬಾಯ್ಲರಿಗೇ ಒರಗಿ ಕೂತರು. ದ್ಯಾಮಕ್ಕ ಎಲ್ಲರಿಗೂ ಅಲ್ಲಿಗೇ ಚಹಾ ತರಿಸಿದಳು.

ನಾನು ಚಹಾ ಕುಡಿಯದೆ ಮಾವನ ಮನೆಗೆ ಹೋದೆ. ಸುಳ್ಳು ಕೂಗಿದೆ ಎಂದು ಹೇಳಲು ಹೋಗಿದ್ದೆ. ಒಳಗೆ ಕಾಲಿಡುವ ಮೊದಲೇ ಶಾಂತವ್ವತ್ತೆ ದೂರು ಶುರುಮಾಡಿದರು. ಮಧ್ಯಾಹ್ನ ಮಾವ ಮಂಚದ ಮೇಲೆ ಕೂತೇ ಒಂದು ಕೈಯಲ್ಲಿ ಬೀರು ಎತ್ತಿ ಹಿಡಿದಿದ್ದರಂತೆ, ಅತ್ತೆ ಅದರ ಬುಡ ಗುಡಿಸುತ್ತಿದ್ದರಂತೆ. ಪೇಟೆಯ ಕಡೆಯಿಂದ ಕೂಗು ಕೇಳಿದ್ದೇ ತಡ ಮಾವ ಕೈ ಹಿಂದಕ್ಕೆ ತೆಗಿ ಎಂದು ಹೇಳಿ ಬೀರು ಇಳಿಸಿಬಿಟ್ಟರು. ಕಸಬರಿಗೆ ಅದರ ಕೆಳಗೇ ಉಳಿಯಿತು. ಇನ್ನೂ ಒಂದು ಗಳಿಗೆ ಎತ್ತಿರೆಂದು ಅತ್ತೆ ಎಷ್ಟು ಬೇಡಿದರೂ, ಹುಡುಗಿ ಹೇಳದೆ ಎತ್ತುವುದಿಲ್ಲವೆಂದು ಕೂತರಂತೆ.

ನಾನು ಒಳಕೋಣೆಯ ಬಾಗಿಲಲ್ಲಿ ನಿಂತೆ. ಬೀರುವಿನ ಬುಡದಿಂದ ಕಸಬರಿಗೆಯ ಹಿಡಿ ಚಾಚಿಕೊಂಡಿತ್ತು. ಕಲ್ಲು ಬಿದ್ದಂದಿನಿಂದ ಮೊದಲ ಸಲ ಮಾವನ ಮುಖ ನೋಡಿದೆ. ಅವರು ನನ್ನ ಕಿವಿಯ ಜುಮಕಿ ನೋಡುತ್ತಿದ್ದರು.

"ಇನ್ನ ಎತ್ತಬಹುದೇನವಾ?" ಎಂದು ಕೇಳಿದರು.

"ನಾಳೆ, ಮಾವಾ," ಎಂದೆ. ಹಿತ್ತಲಲ್ಲಿ ಕೋಳಿ ರೆಕ್ಕೆ ಬಡಿದ ಸದ್ದು ಕೇಳಿತು.

ಆ ಒಂದು ರಾತ್ರಿ ನಮ್ಮೂರಿನಲ್ಲಿ ಬೀರುವಿನ ಬುಡದಲ್ಲಿ ಧೂಳಿದ್ದ ಮನೆ ಅದೊಂದೇ ಇರಬೇಕು.